ಜನವರಿ ಬಂದರೆ ಸಾಕು, ಹಾರ್ಬಾ ಹೋಗ್ತಾರಾ?

ಪುಣೆಯಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ನಮ್ಮ ತಂಡದ ಅರ್ಧ ಭಾಗ ಡೆಟ್ರಾಯಿಟ್ ಹತ್ತಿರ ಕೂತಿದೆ. ನಮಗೆ ಸಂಜೆ ಏಳೂವರೆ ಆದಾಗ ಅವರಿಗೆ ಬೆಳಿಗ್ಗೆ ಒಂಬತ್ತು. ಜನವರಿ ತಿಂಗಳಲ್ಲಿ ಆ ಕರೆಯ ಮೊದಲ ಹತ್ತು ನಿಮಿಷ ಯಾವತ್ತೂ ಕೆಲಸದ ಮಾತಿಗೆ ಸಿಗುವುದಿಲ್ಲ. ಅಲ್ಲಿನ ನಾಲ್ಕು ಜನರಲ್ಲಿ ಮೂವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಮೂರು ವರ್ಷ ಅವರ ಪ್ರಶ್ನೆ ಒಂದೇ ಆಗಿತ್ತು: ಜಿಮ್ ಹಾರ್ಬಾ ಇರ್ತಾರಾ, ಹೋಗ್ತಾರಾ? 2024ರಲ್ಲಿ ಉತ್ತರ ಬಂತು. ಜನವರಿ 24ರಂದು ಅವರು ಮಿಷಿಗನ್ ಬಿಟ್ಟು ವೃತ್ತಿಪರ ತಂಡವಾದ ಲಾಸ್ ಏಂಜಲೀಸ್ ಚಾರ್ಜರ್ಸ್‌ನ ಮುಖ್ಯ ಕೋಚ್ ಆದರು. ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ತಂದುಕೊಟ್ಟು ಸರಿಯಾಗಿ ಹದಿನಾರು ದಿನಕ್ಕೆ.

ಹೊರಗಿನವನಾದ ನನಗೆ ಇದರಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ಅಮೆರಿಕದ ಕಂಪನಿಗಳಿಗೆ ದುಡಿಯುವ ನಮ್ಮಂಥವರಿಗೆ ಅಲ್ಲಿನ ಆಟ ಸಹೋದ್ಯೋಗಿಗಳ ಜೊತೆ ಮಾತಾಡಲು ಸಿಗುವ ಒಂದು ಬಾಗಿಲು, ಅಷ್ಟೇ. ಆದರೆ ಈ ಹಾರ್ಬಾ ಪ್ರಕರಣದ ಒಳಗಿರುವುದು ಆಟವಷ್ಟೇ ಅಲ್ಲ. ಕಾಲೇಜಿನ ಕೆಲಸ ಮತ್ತು ಕಂಪನಿ ಕೆಲಸದ ನಡುವೆ ಆಯ್ಕೆ ಮಾಡಿಕೊಳ್ಳುವ ಮನುಷ್ಯ, ಅವನ ಮನಸ್ಸಿನಲ್ಲಿ ಏನಿದೆ ಎಂದು ದೂರದಿಂದ ಊಹಿಸುವ ಸಾವಿರಾರು ಜನ, ಆ ಊಹೆಯ ನಡುವೆ ಸಿಕ್ಕಿಕೊಳ್ಳುವ ಹದಿನೆಂಟು ವರ್ಷದ ಹುಡುಗರು. ಇದು ನಮಗೂ ಗೊತ್ತಿರುವ ಕಥೆಯೇ.

ಗೊತ್ತಿಲ್ಲದವರಿಗೆ ಒಂದು ವಿವರಣೆ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ನುಗ್ಗುವ ಆಟಕ್ಕೆ. ಅದಕ್ಕೆ ಎರಡು ಲೋಕ. ಒಂದು, 32 ತಂಡಗಳ ವೃತ್ತಿಪರ ಲೀಗ್ ಎನ್‌ಎಫ್‌ಎಲ್. ಇನ್ನೊಂದು ಕಾಲೇಜು ಫುಟ್‌ಬಾಲ್. ಕಾಲೇಜು ಅಂದಾಕ್ಷಣ ನಮ್ಮ ಅಂತರ ಕಾಲೇಜು ಪಂದ್ಯಾವಳಿ ನೆನಪಾದರೆ ಅದನ್ನು ಮರೆತುಬಿಡಿ. ಆನ್ ಆರ್ಬರ್ ಎಂಬ ಊರಿನಲ್ಲಿರುವ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯ ಎರಡೂವರೆ ಪಟ್ಟಿಗೂ ಹೆಚ್ಚು. ಮಿಷಿಗನ್ ಇರುವ 'ಬಿಗ್ ಟೆನ್' ಗುಂಪಿನ ಟಿ.ವಿ. ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚು ಎಂದು ವರದಿಯಾಗಿದೆ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್. ಹೀಗಾಗಿ ಕಾಲೇಜಿನಿಂದ ವೃತ್ತಿಪರ ಲೀಗ್‌ಗೆ ಹೋಗುವುದು ಸಣ್ಣದರಿಂದ ದೊಡ್ಡದಕ್ಕೆ ಏರುವ ಮೆಟ್ಟಿಲು ಅಂತ ಹೇಳಲಾಗದು. ಎರಡೂ ದೊಡ್ಡವೇ, ಕೆಲಸದ ಬಗೆ ಬೇರೆ.

ಇನ್ನು ಹಾರ್ಬಾ. ಇವರ ತಂದೆ ಎಪ್ಪತ್ತರ ದಶಕದಲ್ಲಿ ಮಿಷಿಗನ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ಹುಡುಗ ಆ ಊರಿನಲ್ಲೇ ಆಡಿ ಬೆಳೆದ, ಮುಂದೆ ಅದೇ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆದ, ಆಮೇಲೆ ಎನ್‌ಎಫ್‌ಎಲ್‌ನಲ್ಲಿ 14 ಋತು ಆಡಿದ. ಕೋಚ್ ಆಗಿ ಸ್ಟ್ಯಾನ್‌ಫರ್ಡ್ ತಂಡವನ್ನು ಮೇಲೆತ್ತಿ, 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಸೇರಿದರು. 2013ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಫೈನಲ್. ಎದುರು ತಂಡದ ಕೋಚ್ ಸ್ವಂತ ಅಣ್ಣ ಜಾನ್ ಹಾರ್ಬಾ. ಕೊನೆಗಳಿಗೆಯಲ್ಲಿ ಗೆರೆಯಿಂದ ಐದು ಗಜ ದೂರದಲ್ಲಿ ನಿಂತು ತಮ್ಮನ ತಂಡ 34-31ರಿಂದ ಸೋತಿತು. ಈ ಮೂರು ಅಂಕವನ್ನು ನೆನಪಿಟ್ಟುಕೊಳ್ಳಿ. 2014ರ ಕೊನೆಯಲ್ಲಿ ಅವರು ಮಿಷಿಗನ್‌ಗೆ ಮರಳಿದಾಗ ಊರಿನ ಮಗ ಮನೆಗೆ ಬಂದ ಎಂದೇ ಅಲ್ಲಿನವರು ಸಂಭ್ರಮಿಸಿದರು.

ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಸಾಂಪ್ರದಾಯಿಕ ಎದುರಾಳಿ ಒಹಾಯೊ ಸ್ಟೇಟ್ ವಿರುದ್ಧ ಸತತ ಐದು ಸೋಲು. ಕೋವಿಡ್ ವರ್ಷದಲ್ಲಿ ಆರು ಪಂದ್ಯದಲ್ಲಿ ಎರಡೇ ಗೆಲುವು. 2021ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅವರ ಮೂಲ ಸಂಬಳವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಬೇರೆ ಯಾರಾದರೂ ಆಗಿದ್ದರೆ ರಾಜೀನಾಮೆ ಬಿಸಾಕಿ ಹೋಗುತ್ತಿದ್ದರು, ಇವರು ಉಳಿದರು. ಅದೇ ವರ್ಷ ನವೆಂಬರ್‌ನಲ್ಲಿ ಒಹಾಯೊ ಸ್ಟೇಟನ್ನು 42-27ರಿಂದ ಸೋಲಿಸಿದರು. ಅಲ್ಲಿಂದ ಶುರುವಾಯಿತು ಗುಸುಗುಸು.

2022ರ ಫೆಬ್ರವರಿ 2. ಕಾಲೇಜು ಫುಟ್‌ಬಾಲ್‌ನಲ್ಲಿ ಅದು ಹೈಸ್ಕೂಲ್ ಹುಡುಗರು ತಾವು ಸೇರುವ ಕಾಲೇಜಿಗೆ ಸಹಿ ಹಾಕುವ ದಿನ. ಆ ದಿನವೇ ಹಾರ್ಬಾ ಮಿನೆಸೊಟ ವೈಕಿಂಗ್ಸ್ ತಂಡದ ಸಂದರ್ಶನಕ್ಕೆ ಹೋದರು. ಕೆಲಸ ಸಿಗಲಿಲ್ಲ. ವಾಪಸ್ ಬಂದು, ಇದು ಮತ್ತೆ ಪ್ರತಿವರ್ಷದ ಮಾತಾಗುವುದಿಲ್ಲ ಎಂಬರ್ಥದ ಭರವಸೆ ಕೊಟ್ಟರು, ಐದು ವರ್ಷದ ಹೊಸ ಒಪ್ಪಂದವೂ ಆಯಿತು. ಮರು ಜನವರಿಯಲ್ಲಿ ಡೆನ್ವರ್ ಬ್ರಾಂಕೋಸ್ ಜೊತೆ ಮಾತುಕತೆ. ಮತ್ತೆ ಉಳಿದರು, ಆ ಸುದ್ದಿಯನ್ನು ವಿಶ್ವವಿದ್ಯಾಲಯದ ಅಧ್ಯಕ್ಷರೇ ಪ್ರಕಟಿಸಬೇಕಾಯಿತು. 2024ರಲ್ಲಿ ಅಟ್ಲಾಂಟ ಫಾಲ್ಕನ್ಸ್ ಮತ್ತು ಚಾರ್ಜರ್ಸ್ ಎರಡೂ ಕಡೆ ಸಂದರ್ಶನ. ಹೋದ ಪುಟ್ಟ ಬಂದ ಪುಟ್ಟ ಅನ್ನುವುದು ಮೂರನೇ ಸಲಕ್ಕೆ ಮುಗಿಯಿತು.

ಇಷ್ಟರ ನಡುವೆ ಅಭಿಮಾನಿಗಳು ಓದುತ್ತಿದ್ದುದು ಏನನ್ನು? ನಮ್ಮ ಸಹೋದ್ಯೋಗಿಗಳ ಮಾತು ಕೇಳಿದರೆ ಪತ್ತೇದಾರಿ ಕಾದಂಬರಿ ನಾಚಬೇಕು. ಯಾವ ಖಾಸಗಿ ವಿಮಾನ ಯಾವ ಊರಿನಿಂದ ಹಾರಿತು, ಅದರ ನೋಂದಣಿ ಸಂಖ್ಯೆ ಯಾರ ಹೆಸರಿನಲ್ಲಿದೆ, ಗೆದ್ದ ಮೇಲಿನ ಭಾಷಣದಲ್ಲಿ 'ನಾವು' ಎಂದರೋ 'ಈ ಹುಡುಗರು' ಎಂದರೋ. ಹೊಸದೇನಲ್ಲ ಇದು. 2006ರ ಡಿಸೆಂಬರ್‌ನಲ್ಲಿ ಮಯಾಮಿ ಡಾಲ್ಫಿನ್ಸ್ ಕೋಚ್ ಆಗಿದ್ದ ನಿಕ್ ಸೇಬನ್, ತಾನು ಅಲಬಾಮ ವಿಶ್ವವಿದ್ಯಾಲಯದ ಕೋಚ್ ಆಗುವುದಿಲ್ಲ ಎಂದು ಪತ್ರಕರ್ತರ ಮುಂದೆ ಖಡಾಖಂಡಿತವಾಗಿ ಹೇಳಿದರು. ಎರಡು ವಾರದೊಳಗೆ ಅವರನ್ನು ಹೊತ್ತ ವಿಮಾನ ಅಲಬಾಮದಲ್ಲಿ ಇಳಿಯಿತು, ವಿಮಾನ ನಿಲ್ದಾಣದಲ್ಲಿ ಅಭಿಮಾನಿಗಳು ಕಾದಿದ್ದರು. ಅಂದಿನಿಂದ ಆ ದೇಶದಲ್ಲಿ ಕೋಚ್ ಒಬ್ಬರು 'ಇಲ್ಲ' ಎಂದರೆ ಜನ ವಿಮಾನದ ದಾರಿ ನೋಡಲು ಶುರುಮಾಡುತ್ತಾರೆ. ತಪ್ಪು ಜನರದ್ದಲ್ಲ.

ಆದರೆ ಈ ಪತ್ತೇದಾರಿಕೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಅವರಿಗೆ ನಮ್ಮ ಮೇಲೆ ಪ್ರೀತಿ ಇದೆಯಾ? ನನ್ನ ಮಟ್ಟಿಗೆ ಇದು ಉಪಯೋಗಕ್ಕೆ ಬಾರದ ಪ್ರಶ್ನೆ. ಉತ್ತರ ಕಾಗದಗಳಲ್ಲಿ, ಕೆಲಸದ ಸ್ವರೂಪದಲ್ಲಿ ಎದುರಿಗೇ ಇತ್ತು.

ಮೊದಲು ಹಣ ನೋಡೋಣ, ಎಲ್ಲರೂ ಅಲ್ಲಿಂದಲೇ ಶುರುಮಾಡುವುದರಿಂದ. ಉಳಿಯಲು ಮಿಷಿಗನ್ ಹತ್ತು ವರ್ಷಕ್ಕೆ ಸುಮಾರು 12.5 ಕೋಟಿ ಡಾಲರ್ ಕೊಡಲು ಸಿದ್ಧವಿತ್ತು ಎಂದು ವರದಿಯಾಗಿತ್ತು. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿ ದಾಟುತ್ತದೆ. ಚಾರ್ಜರ್ಸ್ ಕೊಟ್ಟದ್ದು ಐದು ವರ್ಷದ ಒಪ್ಪಂದ. ಹೀಗಿರುವಾಗ ಬರೀ ಸಂಬಳಕ್ಕಾಗಿ ಹೋದರು ಅನ್ನಲು ಬರುವುದಿಲ್ಲ. ಇನ್ನೊಂದು ಕಾಗದ ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯದ್ದು. ಕೋವಿಡ್ ಕಾಲದ ನೇಮಕಾತಿ ನಿಯಮ ಉಲ್ಲಂಘನೆಯ ಪ್ರಕರಣದಲ್ಲಿ 2023ರ ಮೊದಲ ಮೂರು ಪಂದ್ಯಕ್ಕೆ ವಿಶ್ವವಿದ್ಯಾಲಯವೇ ಅವರನ್ನು ಹೊರಗಿಟ್ಟಿತು. ಎದುರಾಳಿ ತಂಡಗಳ ಸನ್ನೆಗಳನ್ನು ನಿಯಮ ಮೀರಿ ಕಲೆಹಾಕಿದ ಇನ್ನೊಂದು ಪ್ರಕರಣದಲ್ಲಿ ನಿಯಮಿತ ಋತುವಿನ ಕೊನೆಯ ಮೂರು ಪಂದ್ಯಕ್ಕೆ ಬಿಗ್ ಟೆನ್ ನಿಷೇಧ ಹಾಕಿತು. ತಮಗೆ ಏನೂ ಗೊತ್ತಿರಲಿಲ್ಲ ಎಂದು ಹಾರ್ಬಾ ಹೇಳಿದ್ದಾರೆ. 2024ರ ಆರಂಭದಲ್ಲಿ ತನಿಖೆ ಇನ್ನೂ ನಡೆಯುತ್ತಿತ್ತು. ಆ ಪ್ರಕರಣಗಳ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಎಂಬ ರಕ್ಷಣೆಯನ್ನು ಅವರು ಒಪ್ಪಂದದಲ್ಲಿ ಕೇಳಿದ್ದರು ಎಂಬ ಸುದ್ದಿಯೂ ಬಂತು. ಕಾಲೇಜು ನಿಯಂತ್ರಣ ಸಂಸ್ಥೆಯ ಶಿಕ್ಷೆ ಎನ್‌ಎಫ್‌ಎಲ್‌ಗೆ ತಾನಾಗಿ ಅನ್ವಯಿಸುವುದಿಲ್ಲ ಎಂಬುದು ಆ ರಂಗದಲ್ಲಿ ಎಲ್ಲರಿಗೂ ಗೊತ್ತು. 2010ರ ಆರಂಭದಲ್ಲಿ ಪೀಟ್ ಕ್ಯಾರಲ್ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಬಿಟ್ಟು ಸಿಯಾಟಲ್ ಸೀಹಾಕ್ಸ್‌ಗೆ ಹೋದರು, ಜೂನ್‌ನಲ್ಲಿ ಆ ವಿಶ್ವವಿದ್ಯಾಲಯಕ್ಕೆ ಕಠಿಣ ಶಿಕ್ಷೆ ಬಂತು. ಕೋಚ್ ದಾಟಿದ್ದರು, ಉಳಿದ ಹುಡುಗರು ಅನುಭವಿಸಿದರು.

ಮತ್ತೆ ಆ ಮೂರು ಅಂಕ. ಅಣ್ಣನ ಕೈಯಲ್ಲಿ ಉಂಗುರ ಇದೆ, ತಮ್ಮನ ಕೈಯಲ್ಲಿ ಇಲ್ಲ. ಮಿಷಿಗನ್‌ಗೆ 1997ರ ನಂತರ ಸಿಗದಿದ್ದ ಪ್ರಶಸ್ತಿಯನ್ನು 15 ಪಂದ್ಯದಲ್ಲಿ 15 ಗೆದ್ದು ತಂದಾಯಿತು. ಆಗ ವಯಸ್ಸು ಅರವತ್ತು. ಜಸ್ಟಿನ್ ಹರ್ಬರ್ಟ್‌ನಂಥ ಕ್ವಾರ್ಟರ್‌ಬ್ಯಾಕ್ ಆಗಲೇ ಇದ್ದ ತಂಡ, ಹದಿನೇಳರಲ್ಲಿ ಐದೇ ಗೆದ್ದು ಹೊಸ ಕೋಚ್‌ಗಾಗಿ ಕಾಯುತ್ತಿತ್ತು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಡಿದವರು ವಿಮಾನ ಹುಡುಕಬೇಕಿರಲಿಲ್ಲ.

ಅಭಿಮಾನಿಗಳ ವಾದದಲ್ಲಿ ಇನ್ನೊಂದು ದೊಡ್ಡ ಅಸ್ತ್ರ ಇತ್ತು: ಕಾಲೇಜಿನ ದೊರೆಗಳು ಎನ್‌ಎಫ್‌ಎಲ್‌ಗೆ ಹೋಗಿ ಮಣ್ಣು ಮುಕ್ಕಿದ್ದಾರೆ, ಹಾಗಾಗಿ ಬುದ್ಧಿ ಇದ್ದವರು ಹೋಗುವುದಿಲ್ಲ. ಪಟ್ಟಿ ಸುಳ್ಳಲ್ಲ. ಸೇಬನ್ ಡಾಲ್ಫಿನ್ಸ್‌ನಲ್ಲಿ ಎರಡು ವರ್ಷಕ್ಕೆ 15 ಗೆಲುವು 17 ಸೋಲು. ಬಾಬಿ ಪೆಟ್ರಿನೊ 2007ರಲ್ಲಿ ಫಾಲ್ಕನ್ಸ್‌ನಲ್ಲಿ 13 ಪಂದ್ಯಕ್ಕೇ ಕೈ ಚೆಲ್ಲಿ, ಆಟಗಾರರ ಲಾಕರ್‌ಗಳಲ್ಲಿ ಒಂದು ಚೀಟಿ ಬಿಟ್ಟು ಅರ್ಕಾನ್ಸಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಅರ್ಬನ್ ಮೇಯರ್ 2021ರಲ್ಲಿ ಜಾಕ್ಸನ್‌ವಿಲ್‌ನಲ್ಲಿ 2 ಗೆದ್ದು 11 ಸೋತು ಋತುವಿನ ನಡುವೆಯೇ ವಜಾ ಆದರು. ಎರಡೂ ಲೋಕದಲ್ಲಿ ಪಟ್ಟ ಗೆದ್ದವರು ಈವರೆಗೆ ಮೂವರೇ: ಜಿಮ್ಮಿ ಜಾನ್ಸನ್, ಬ್ಯಾರಿ ಸ್ವಿಟ್ಜರ್, ಕ್ಯಾರಲ್.

ಕಾರಣ ಇಂಜಿನಿಯರ್ ಕಣ್ಣಿಗೆ ಸ್ಪಷ್ಟ. ಕಾಲೇಜಿನಲ್ಲಿ ಗೆದ್ದವನಿಗೆ ಒಳ್ಳೆಯ ಹುಡುಗರು ಬರುತ್ತಾರೆ, ಒಳ್ಳೆಯ ಹುಡುಗರು ಬಂದರೆ ಮತ್ತೆ ಗೆಲ್ಲುತ್ತಾನೆ. ಚಕ್ರಬಡ್ಡಿಯಂತೆ ಬೆಳೆಯುವ ವ್ಯವಸ್ಥೆ. ಎನ್‌ಎಫ್‌ಎಲ್ ಬೇಕೆಂದೇ ಇದಕ್ಕೆ ಉಲ್ಟಾ ಕಟ್ಟಿದ್ದು. ಕಳೆದ ವರ್ಷ ಸೋತವರಿಗೆ ಡ್ರಾಫ್ಟ್‌ನಲ್ಲಿ ಮೊದಲ ಸರದಿ, ಎಲ್ಲ ತಂಡಕ್ಕೂ ಒಂದೇ ಸಂಬಳದ ಮಿತಿ. ಮೇಲೆ ಹೋದವನನ್ನು ವ್ಯವಸ್ಥೆಯೇ ಕೆಳಗೆ ಎಳೆಯುತ್ತದೆ. ಜೊತೆಗೆ, ಹದಿನೆಂಟರ ಹುಡುಗ ಕೋಚ್ ಗದರಿದರೆ ತಲೆ ತಗ್ಗಿಸುತ್ತಾನೆ. ಕೋಚ್‌ಗಿಂತ ಹೆಚ್ಚು ಸಂಬಳ ಎಣಿಸುವ ಮೂವತ್ತರ ಗೃಹಸ್ಥ ತಗ್ಗಿಸುವುದಿಲ್ಲ. ಹಾರ್ಬಾ ಈ ಪಟ್ಟಿಗೆ ಸೇರದಿರುವುದು ಅದಕ್ಕೇ. ಫಾರ್ಟಿನೈನರ್ಸ್‌ನಲ್ಲಿ ನಾಲ್ಕು ವರ್ಷಕ್ಕೆ 44 ಗೆದ್ದು 19 ಸೋತವರು ಅವರು. ಗೊತ್ತಿಲ್ಲದ ಮನೆಗೆ ಹೋಗಲಿಲ್ಲ.

ಇನ್ನು ಕಾಲೇಜಿನ ಕೆಲಸವೇ 2021ರಿಂದೀಚೆಗೆ ಗುರುತು ಸಿಗದಷ್ಟು ಬದಲಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಲು ಕೊಟ್ಟು ಹಣ ಪಡೆಯಬಹುದು. ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕೆಂಬ ಹಳೆಯ ನಿಯಮವೂ ಅದೇ ವರ್ಷ ಸಡಿಲವಾಯಿತು. ಒಳ್ಳೆಯದೇ, ಇಷ್ಟು ವರ್ಷ ಕೋಟಿಗಟ್ಟಲೆ ದುಡಿಸಿಕೊಂಡು ಹುಡುಗರಿಗೆ ಫೀಸು, ಊಟ ಮಾತ್ರ ಕೊಟ್ಟದ್ದು ನ್ಯಾಯವಾಗಿರಲಿಲ್ಲ. ಹಾರ್ಬಾ ಸ್ವತಃ ಆಟಗಾರರಿಗೆ ಆದಾಯದಲ್ಲಿ ಪಾಲು ಕೊಡಿ ಎಂದು ಕೇಳಿದವರು. ಆದರೆ ಕೋಚ್ ಪಾಲಿಗೆ ಈಗ ಹೊಸ ಹುಡುಗರನ್ನು ಹುಡುಕುವುದರ ಜೊತೆಗೆ ಇರುವವರನ್ನು ಪ್ರತಿವರ್ಷ ಮತ್ತೆ ಒಲಿಸಬೇಕು, ದಾನಿಗಳ ಬಳಿ ಕೈಯೊಡ್ಡಬೇಕು. 2024ರ ಜನವರಿ ಕೊನೆಯಲ್ಲಿ ಜೆಫ್ ಹ್ಯಾಫ್ಲಿ ಬಾಸ್ಟನ್ ಕಾಲೇಜಿನ ಮುಖ್ಯ ಕೋಚ್ ಹುದ್ದೆ ಬಿಟ್ಟು ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಸಹಾಯಕ ಹುದ್ದೆಗೆ ಹೋದರು. ಮೇಲಿನ ಕುರ್ಚಿ ಬಿಟ್ಟು ಕೆಳಗಿನದಕ್ಕೆ. ಮ್ಯಾನೇಜರ್ ಆಗಿ ಮೀಟಿಂಗ್‌ಗಳಲ್ಲಿ ಬೆಂದು, ನನಗೆ ಕೋಡ್ ಬರೆಯಲು ಬಿಡಿ ಸಾಕು ಎನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಅವರಿಗೆ ಹ್ಯಾಫ್ಲಿ ಅರ್ಥವಾಗುತ್ತಾರೆ.

2024ರ ಜನವರಿಯ ಸರಪಳಿ ನೋಡಿದರೆ ಹಿಂಜೆವಾಡಿಯ ನೋಟಿಸ್ ಪಿರಿಯಡ್‌ಗಳೇ ನೆನಪಾದವು. 10ನೇ ತಾರೀಖು ಸೇಬನ್ 72ನೇ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಎರಡು ದಿನದಲ್ಲಿ ಅಲಬಾಮ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೇಲನ್ ಡಿಬೋರ್ ಅವರನ್ನು ಎತ್ತಿಕೊಂಡಿತು. 8ರಂದು ಫೈನಲ್‌ನಲ್ಲಿ ಮಿಷಿಗನ್‌ಗೆ ಸೋತ ಕೋಚ್ ಅವರೇ. ವಾಷಿಂಗ್ಟನ್ ಅರಿಜೋನದ ಜೆಡ್ ಫಿಶ್ ಅವರನ್ನು, ಅರಿಜೋನ ಸ್ಯಾನ್ ಹೋಸೆಯ ಬ್ರೆಂಟ್ ಬ್ರೆನನ್ ಅವರನ್ನು ತಂದಿತು. ಒಂದೇ ವಾರದಲ್ಲಿ ನಾಲ್ಕು ಊರು. ಮುಖ್ಯ ಕೋಚ್ ಹೋದರೆ ಆಟಗಾರರಿಗೂ 30 ದಿನ ಬೇರೆ ಕಾಲೇಜು ಹುಡುಕಿಕೊಳ್ಳುವ ಅವಕಾಶ 2024ರಲ್ಲಿ ಇತ್ತು. ಅಲಬಾಮದ ಮೊದಲ ವರ್ಷದ ತಾರೆ ಕೇಲೆಬ್ ಡೌನ್ಸ್ ಹತ್ತು ದಿನದೊಳಗೆ ಒಹಾಯೊ ಸ್ಟೇಟ್ ಆರಿಸಿಕೊಂಡ.

ನಮ್ಮ ಡೆಟ್ರಾಯಿಟ್ ಸಹೋದ್ಯೋಗಿಯೊಬ್ಬರ ವಾದ ಇಲ್ಲಿಂದಲೇ ಹುಟ್ಟುತ್ತದೆ: ಈಗ ಆಟಗಾರರೂ ಹೋಗಬಹುದಲ್ಲ, ಕೋಚ್ ಹೋದರೆ ದ್ರೋಹ ಹೇಗಾಗುತ್ತದೆ? ಅರ್ಧ ಒಪ್ಪುತ್ತೇನೆ. ಡೌನ್ಸ್‌ನಂಥವನಿಗೆ ಹತ್ತು ಕಾಲೇಜುಗಳು ಕೆಂಪು ಹಾಸು ಹಾಸುತ್ತವೆ. ತಂಡದ ಎಪ್ಪತ್ತನೆಯ ಹುಡುಗನ ಕಥೆ ಏನು? ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೂತವನು, ಈ ಕೋಚ್ ತನ್ನಲ್ಲಿ ಏನೋ ಕಂಡ ಎಂಬ ಒಂದೇ ಕಾರಣಕ್ಕೆ ಬಂದವನು? ಹೊಸ ಕೋಚ್ ತನ್ನ ಹುಡುಗರನ್ನು ತರುತ್ತಾನೆ. ಆ ಸಲದ ಹೆಚ್ಚಿನ ಹುಡುಗರು 2023ರ ಡಿಸೆಂಬರ್ 20ರಂದೇ ಸಹಿ ಹಾಕಿದ್ದರು, ಹಾರ್ಬಾ ಹೊರಡುವುದಕ್ಕೆ ಐದು ವಾರ ಮೊದಲು. ಆ ಒಪ್ಪಿಗೆ ಪತ್ರದಲ್ಲಿ, ನೀನು ಸಹಿ ಹಾಕುತ್ತಿರುವುದು ಸಂಸ್ಥೆಗೆ, ಕೋಚ್‌ಗಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಕಾನೂನಿಗೆ ಅಷ್ಟು ಸಾಕು. ಆದರೆ ಹುಡುಗನ ಮನೆಗೆ ಬಂದು ಸೋಫಾ ಮೇಲೆ ಕೂತು, ಅವನ ಅಮ್ಮನ ಕೈಯ ಊಟ ಉಂಡು, ನಿಮ್ಮ ಮಗನ ಜವಾಬ್ದಾರಿ ನನ್ನದು ಅನ್ನುವುದು ಸಂಸ್ಥೆಯಲ್ಲ.

ಇದನ್ನು ನಾನು ದೂರದಿಂದ ಹೇಳುತ್ತಿಲ್ಲ. ನನ್ನ ಎಂ.ಟೆಕ್. ಎರಡನೇ ವರ್ಷದಲ್ಲಿ ನಮ್ಮ ಗೈಡ್ ಕಾಲೇಜು ಬಿಟ್ಟು ಕಂಪನಿ ಸೇರಿದರು. ಯಾವ ಕಾಲೇಜು ಅನ್ನುವುದು ಇಲ್ಲಿ ಬೇಡ. ಅವರ ಹತ್ತಿರ ನಾವು ನಾಲ್ಕು ಜನ ಇದ್ದೆವು. ನವೆಂಬರ್‌ನಿಂದಲೇ ಗುಮಾನಿ. ಚೇಂಬರ್‌ನ ಕಪಾಟಿನಲ್ಲಿ ಪುಸ್ತಕ ಕಡಿಮೆಯಾಗುತ್ತಿದ್ದವು, ಶನಿವಾರ ಸರ್ ಕಾರು ಬರುವುದು ನಿಂತಿತ್ತು, ಹೊಸ ಲ್ಯಾಪ್‌ಟಾಪ್ ಬ್ಯಾಗ್ ಯಾವ ಕಂಪನಿಯದ್ದು ಎಂದು ಕ್ಯಾಂಟೀನಿನಲ್ಲಿ ಚರ್ಚೆ. ಒಬ್ಬ ಧೈರ್ಯ ಮಾಡಿ ಕೇಳಿದ, "ಸರ್, ನೀವು ಹೋಗ್ತಿದ್ದೀರಂತೆ?" ಅವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, "ನಿಮ್ಮ ಕೆಲಸ ನೀವು ಮಾಡಿ, ಅದೆಲ್ಲ ಆಮೇಲೆ ನೋಡೋಣ" ಅಂದರು. ಫೆಬ್ರವರಿಯಲ್ಲಿ ಹೋದರು. ಅವರ ಸಂಬಳ ಮೂರು ಪಟ್ಟಾಯಿತು ಎಂದು ಕೇಳಿದ್ದೇವೆ, ಅದಕ್ಕೆ ನಮ್ಮಲ್ಲಿ ಯಾರಿಗೂ ಹೊಟ್ಟೆಕಿಚ್ಚಿರಲಿಲ್ಲ. ಮನೆ ಸಾಲ, ಮಕ್ಕಳ ಓದು, ಅವರಿಗೂ ಇದ್ದದ್ದೇ. ಆದರೆ ನಾಲ್ವರಲ್ಲಿ ಒಬ್ಬನ ವಿಷಯ ಹೊಸ ಗೈಡ್‌ಗೆ ಗೊತ್ತಿರಲಿಲ್ಲ. ಅವನು ಎಲ್ಲ ಬಿಟ್ಟು ಹೊಸ ವಿಷಯ ಹಿಡಿದು ಆರು ತಿಂಗಳು ತಡವಾಗಿ ಮುಗಿಸಿದ. ಕ್ಯಾಂಪಸ್ ಸಂದರ್ಶನಗಳು ಅಷ್ಟರಲ್ಲಿ ಮುಗಿದಿದ್ದವು. ನವೆಂಬರ್‌ನಲ್ಲೇ ನೇರವಾಗಿ ಹೇಳಿದ್ದರೆ ಅವನು ಆಗಲೇ ವಿಷಯ ಬದಲಿಸಿಕೊಳ್ಳುತ್ತಿದ್ದ.

ಹಾಗಾಗಿ ಹಾರ್ಬಾ ಹೋದದ್ದರ ಬಗ್ಗೆ ನನಗೆ ತಕರಾರಿಲ್ಲ. ಸಂಬಳ ಅರ್ಧ ಮಾಡಿದಾಗಲೂ ಉಳಿದ ಮನುಷ್ಯನನ್ನು ದ್ರೋಹಿ ಅನ್ನಲು ಬಾಯಿ ಬರುವುದಿಲ್ಲ. ತಕರಾರು ಇರುವುದು 2022ರ ಆ ಭರವಸೆಯ ಮೇಲೆ, ಸಹಿ ಹಾಕುವ ದಿನವೇ ಸಂದರ್ಶನಕ್ಕೆ ಹೋದದ್ದರ ಮೇಲೆ. ಪ್ರತಿ ಜನವರಿಯ ಗುಸುಗುಸು ಕೋಚ್‌ಗೂ ಅವರ ಏಜೆಂಟ್‌ಗೂ ನಷ್ಟವೇನಲ್ಲ. ಬೇರೆ ಕಡೆ ಆಫರ್ ಇದೆ ಎಂದು ಗೊತ್ತಾದರೆ ಅಪ್ರೈಸಲ್ ಹೇಗೆ ಬದಲಾಗುತ್ತದೆ ಎಂಬುದು ನಮಗೆ ಹೇಳಿಕೊಡಬೇಕಾಗಿಲ್ಲ. ವೈಕಿಂಗ್ಸ್ ಸಂದರ್ಶನದ ಎರಡು ವಾರಕ್ಕೆ ಹೊಸ ಒಪ್ಪಂದ ಬಂತು. ಅಭಿಮಾನಿಗಳು ಆತಂಕದಿಂದ ಹಬ್ಬಿಸುವ ಒಂದೊಂದು ವದಂತಿಯೂ ಆ ಚೌಕಾಸಿಗೆ ಪುಕ್ಕಟೆ ತೂಕ. ಬೇರೆ ಕೆಲಸದ ಮಾತು ಕೇಳುತ್ತಿದ್ದೇನೆ, ಇಷ್ಟರೊಳಗೆ ತಿಳಿಸುತ್ತೇನೆ, ಅಲ್ಲಿಯವರೆಗೆ ಸಹಿ ಹಾಕಬೇಡಿ ಎಂದು ಹುಡುಗರಿಗೆ ಒಂದು ಮಾತು ಹೇಳುವ ಕೋಚ್ ಆ ವ್ಯವಸ್ಥೆಯಲ್ಲಿ ಒಂದಿಷ್ಟು ಪ್ರತಿಭೆ ಕಳೆದುಕೊಳ್ಳಬಹುದು. ಆ ನಷ್ಟವನ್ನು ಕೋಟಿ ಎಣಿಸುವವರು ಹೊರಬೇಕು, ಹದಿನೆಂಟರವರಲ್ಲ.

ನಮ್ಮಲ್ಲಿ ಇದೇ ಬಗೆಯ ಊಹಾಪೋಹ 2023ರ ನವೆಂಬರ್‌ನಲ್ಲಿ ರಾಹುಲ್ ದ್ರಾವಿಡ್ ಸುತ್ತ ಎದ್ದಿತ್ತು. ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್ ಸೋತ ಮೇಲೆ ಐಪಿಎಲ್‌ಗೆ ಹೋಗುತ್ತಾರೆ ಎಂದು ಒಂದು ಗುಂಪು, ಇರುತ್ತಾರೆ ಎಂದು ಇನ್ನೊಂದು. ಹತ್ತು ದಿನದಲ್ಲಿ ಅವಧಿ ವಿಸ್ತರಣೆಯ ಪ್ರಕಟಣೆ ಬಂತು, ಮಾತು ಮುಗಿಯಿತು. ಅಲ್ಲಿ ಕಾದಿದ್ದವರು ಬೆಳೆದ ಆಟಗಾರರು, ಅವರ ಸಂಸಾರ ಕೋಚ್ ಹೆಸರಿನ ಮೇಲೆ ನಿಂತಿರಲಿಲ್ಲ. ಅದೇ ದ್ರಾವಿಡ್ 19 ವರ್ಷದೊಳಗಿನವರ ತಂಡವನ್ನು ನೋಡಿಕೊಳ್ಳುತ್ತಿದ್ದಾಗ ನಡುವೆ ಬಿಟ್ಟು ಹೋಗಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಮಿಷಿಗನ್ ಎರಡೇ ದಿನದಲ್ಲಿ ಷೆರೋನ್ ಮೂರ್ ಅವರನ್ನು ಮುಖ್ಯ ಕೋಚ್ ಮಾಡಿತು. ಹಾರ್ಬಾ ನಿಷೇಧದಲ್ಲಿದ್ದಾಗ ಒಹಾಯೊ ಸ್ಟೇಟ್ ವಿರುದ್ಧ ತಂಡವನ್ನು ಗೆಲ್ಲಿಸಿದವರು, ಹುಡುಗರಿಗೆ ಪರಿಚಯದ ಮುಖ. ಒಳಗಿನವರನ್ನೇ ಆರಿಸಿದ್ದರಿಂದ ಎಪ್ಪತ್ತನೆಯ ಹುಡುಗನಿಗೆ ಸ್ವಲ್ಪ ನೆಮ್ಮದಿ ಸಿಕ್ಕಿರಬಹುದು. ಆದರೆ ಡಿಫೆನ್ಸ್ ಕೋಚ್ ಜೆಸ್ಸಿ ಮಿಂಟರ್ ಹಾರ್ಬಾ ಬೆನ್ನಿಗೇ ಚಾರ್ಜರ್ಸ್‌ಗೆ ಹೊರಟರು, ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಹೆಸರು ಕೊಟ್ಟಾಗಿತ್ತು. ಆಟಗಾರರ 30 ದಿನದ ಗಡುವು 2024ರ ಫೆಬ್ರವರಿ ಕೊನೆಯ ವಾರದ ಹೊತ್ತಿಗೆ ಮುಗಿಯುವುದಿತ್ತು. ಎಷ್ಟು ಜನ ಹೋದರು, ಅವರಲ್ಲಿ ಹೆಸರಿಲ್ಲದವರು ಎಷ್ಟು ಎಂಬ ಲೆಕ್ಕ ಆಗ ಸಿಗುವುದಿತ್ತು. ನಮ್ಮ ಡೆಟ್ರಾಯಿಟ್ ಮಿತ್ರರು ಮಾತ್ರ ಆಗಲೇ ಬೇರೆ ಪ್ರಶ್ನೆಗೆ ಬಿದ್ದಿದ್ದರು: ಮೂರ್ ಎರಡು ವರ್ಷ ಗೆದ್ದರೆ ಯಾವ ಎನ್‌ಎಫ್‌ಎಲ್ ತಂಡ ಕರೆಯಬಹುದು?